ಎಂ.ಟೆಕ್, ಪಿಎಚ್‌ಡಿ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಬುನಾದಿ ಕೋರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಟೆಕ್ ಮೊದಲ ವರ್ಷದವರಿಗೆ, ಪಿಎಚ್‌ಡಿ ಕೋರ್ಸ್‌ವರ್ಕ್ ಮಾಡುವವರಿಗೆ ಒಂದು ಸೆಮಿಸ್ಟರ್‌ನ ಥಿಯರಿ ಕೋರ್ಸ್ ರೂಪಿಸುತ್ತಿರುವ ಮೇಷ್ಟ್ರುಗಳಿಗಾಗಿ ಈ ಪುಟ. ಈ ಕೋರ್ಸ್ ಹೊಸದಾಗಿ ಕೈಗೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯ ಧಾರಾಳವಾಗಿ ಇದೆ. ಒಪ್ಪಿಗೆ ಆಗದಿದ್ದರೆ ಬಿಟ್ಟುಬಿಡಿ.

ಬಿಇಯಲ್ಲೇ ಆಟೋಮೇಟಾ ಓದಿ ಬಂದಿರುತ್ತಾರಲ್ವಾ? ಮತ್ತೆ ಇನ್ನೊಂದು ಥಿಯರಿ ಕೋರ್ಸ್ ಯಾಕೆ?

ಓದಿರುತ್ತಾರೆ. ಗೇಟ್ ಪರೀಕ್ಷೆಗೆ ತಯಾರಾದವರಂತೂ ಒಂದು ಭಾಷೆ (ಅಕ್ಷರಗಳ ಸಾಲುಗಳ ಗುಂಪು) ಕೊಟ್ಟರೆ ಅದನ್ನು ಗುರುತಿಸುವ ಡಿಎಫ್‌ಎಗೆ, ಅಂದರೆ ಅತಿ ಸರಳವಾದ ಕಾಲ್ಪನಿಕ ಯಂತ್ರಕ್ಕೆ, ಎಷ್ಟು ಸ್ಟೇಟ್ (ಸ್ಥಿತಿ) ಬೇಕು ಅಂತ ಒಂದೇ ನಿಮಿಷದಲ್ಲಿ ಹೇಳುತ್ತಾರೆ. ಅದಕ್ಕಿಂತ ಕಡಿಮೆ ಸ್ಟೇಟ್ ಸಾಲದು ಅನ್ನುವುದನ್ನು ಬರೆದು ತೋರಿಸಿ ಅಂದಾಗ ಪೆನ್ನು ನಿಲ್ಲುತ್ತದೆ. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಅಭ್ಯಾಸ ಅವರಿಗೆ ಚೆನ್ನಾಗಿ ಆಗಿದೆ. ಒಂದು ಪುಟದ ಪ್ರೂಫ್ ಬರೆಯುವ ಅಭ್ಯಾಸ ಆಗಿಲ್ಲ. ಅದು ಅವರ ತಪ್ಪೂ ಅಲ್ಲ, ಯಾರೂ ಕೇಳಿಲ್ಲ ಅಷ್ಟೆ.

ಇನ್ನೊಂದು ಕಾರಣವೂ ಇದೆ. ಮುಂದೆ ಯಾವ ವಿಷಯದಲ್ಲಿ ಸಂಶೋಧನೆ ಮಾಡಿದರೂ, ಡೇಟಾಬೇಸ್ ಇರಲಿ, ನೆಟ್‌ವರ್ಕ್ ಇರಲಿ, ಮಷಿನ್ ಲರ್ನಿಂಗ್ ಇರಲಿ, "ಇದು ಎನ್‌ಪಿ-ಹಾರ್ಡ್, ಅದಕ್ಕೇ ನಾವು ಅಂದಾಜು ವಿಧಾನ ಬಳಸುತ್ತೇವೆ" (ಎನ್‌ಪಿ-ಹಾರ್ಡ್ ಅಂದರೆ ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಕಷ್ಟದ ಸಮಸ್ಯೆ) ಅನ್ನುವ ಸಾಲು ಥೀಸಿಸ್‌ನಲ್ಲಿ ಬಂದೇ ಬರುತ್ತದೆ. ಆ ಸಾಲನ್ನು ಬೇರೆಯವರ ಪೇಪರ್‌ನಿಂದ ಸುಮ್ನೆ ನಕಲು ಮಾಡದೆ ತಾವೇ ಅರ್ಥಮಾಡಿಕೊಂಡು ಬರೆಯಲಿ.

ನಿಜವಾಗಿ ಎಷ್ಟು ಲೆಕ್ಚರ್ ಸಿಗುತ್ತದೆ?

ಕಾಗದದ ಮೇಲೆ ವಾರಕ್ಕೆ 3 ಗಂಟೆ, 14 ವಾರ, ಒಟ್ಟು 42. ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್ ಆದರೆ ಗಣೇಶ ಹಬ್ಬ, ದಸರಾ, ದೀಪಾವಳಿ, ರಾಜ್ಯೋತ್ಸವ ಎಲ್ಲ ಅದರೊಳಗೇ ಬರುತ್ತವೆ. ಜೊತೆಗೆ ಎರಡು ಇಂಟರ್ನಲ್ಸ್, ಕಾಲೇಜ್ ಫೆಸ್ಟ್, ನ್ಯಾಕ್ ತಂಡದ ಭೇಟಿ. 34 ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ 4 ತರಗತಿ ಲೆಕ್ಕ ಬಿಡಿಸುವುದಕ್ಕೆ ಹೋಗಬೇಕು. ಉಳಿದ 30ಕ್ಕೆ ಪ್ಲಾನ್ ಮಾಡಿ.

ನಾನು ಹಂಚುವುದು ಹೀಗೆ: ಕಂಪ್ಯೂಟಬಿಲಿಟಿ (ಯಂತ್ರಕ್ಕೆ ಏನು ಸಾಧ್ಯ, ಏನು ಅಸಾಧ್ಯ) 5, ಪಿ ಮತ್ತು ಎನ್‌ಪಿ (ಬೇಗ ಬಿಡಿಸಬಹುದಾದ ಸಮಸ್ಯೆಗಳು, ಮತ್ತು ಉತ್ತರ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳು; ಎರಡೂ ಒಂದೇನಾ ಅಂತ ಗೊತ್ತಿಲ್ಲ) 9, ಸ್ಪೇಸ್ (ಲೆಕ್ಕಕ್ಕೆ ಬೇಕಾದ ಮೆಮೊರಿ) 3, ರ‍್ಯಾಂಡಮ್ ಅಲ್ಗಾರಿದಮ್ 6, ಅಪ್ರಾಕ್ಸಿಮೇಷನ್ (ಅಂದಾಜು ಉತ್ತರ) ಮತ್ತು ಸ್ಟ್ರೀಮಿಂಗ್ (ಹರಿದು ಬರುವ ಡೇಟಾವನ್ನು ಕಡಿಮೆ ಮೆಮೊರಿಯಲ್ಲಿ ನಿಭಾಯಿಸುವುದು) ಸೇರಿ 4, ವಿದ್ಯಾರ್ಥಿಗಳ ಸೆಮಿನಾರ್ 3.

ಇಷ್ಟರಲ್ಲಿ ಕ್ರಿಪ್ಟೋಗ್ರಫಿ, ಕ್ವಾಂಟಮ್, ಲಾಜಿಕ್, ಗೇಮ್ ಥಿಯರಿ ಎಲ್ಲ ಎಲ್ಲಿ ಹಿಡಿಸುತ್ತದೆ?

ಹಿಡಿಸುವುದಿಲ್ಲ. ಈ ಕೋರ್ಸ್ ಕೆಡುವುದೇ ಎಲ್ಲವನ್ನೂ ಮುಟ್ಟಲು ಹೋಗಿ. ವಾರಕ್ಕೊಂದು ಹೊಸ ವಿಷಯ, ವಾರಕ್ಕೊಂದು ಹೊಸ ಪರಿಭಾಷೆ, ಒಂದೂ ಪ್ರೂಫ್ ಪೂರ್ತಿ ಆಗುವುದಿಲ್ಲ. ಸೆಮಿಸ್ಟರ್ ಕೊನೆಗೆ ಮಕ್ಕಳ ಹತ್ತಿರ ಹೆಸರುಗಳ ಪಟ್ಟಿ ಉಳಿದಿರುತ್ತದೆ.

ಪ್ಲಾನ್ ಮಾಡುವಾಗ ಮೊದಲು ಏನು ಬಿಡಬೇಕು ಅಂತ ಬರೆದುಕೊಳ್ಳಿ. ಆಮೇಲೆ ಕೋರ್ಸಿಗೆ ಒಂದೇ ಒಂದು ಎಳೆ ಹಿಡಿಯಿರಿ. ನನ್ನ ಪ್ರಕಾರ ಆ ಎಳೆ ರಿಡಕ್ಷನ್. ಒಂದು ಸಮಸ್ಯೆಯನ್ನು ಇನ್ನೊಂದಕ್ಕೆ ಪರಿವರ್ತಿಸಿ, "ಇದು ಸುಲಭ ಆದರೆ ಅದೂ ಸುಲಭ" ಅಂತ ತೋರಿಸುವ ವಿದ್ಯೆ. ಹಾಲ್ಟಿಂಗ್ ಸಮಸ್ಯೆಯಿಂದ (ಒಂದು ಪ್ರೋಗ್ರಾಮ್ ಕೊನೆಗೆ ನಿಲ್ಲುತ್ತದೋ ಇಲ್ಲವೋ ಅನ್ನುವ ಪ್ರಶ್ನೆ) ಬೇರೆ ಸಮಸ್ಯೆಗಳಿಗೆ ಹೋಗುವುದು ರಿಡಕ್ಷನ್. ಎನ್‌ಪಿಯ ಯಾವ ಸಮಸ್ಯೆಯನ್ನೂ ಸ್ಯಾಟ್‌ಗೆ (ಒಂದು ಬೂಲಿಯನ್ ಸೂತ್ರವನ್ನು ನಿಜ ಮಾಡುವ ಬೆಲೆಗಳು ಇವೆಯಾ ಅನ್ನುವ ಸಮಸ್ಯೆ) ಪರಿವರ್ತಿಸಬಹುದು ಅನ್ನುವ ಕುಕ್-ಲೆವಿನ್ ಪ್ರಮೇಯವೂ ರಿಡಕ್ಷನ್. ಅಪ್ರಾಕ್ಸಿಮೇಷನ್ ಕಷ್ಟ ಅನ್ನುವುದು ರಿಡಕ್ಷನ್. ಗೂಢಲಿಪಿಯ ಭದ್ರತೆಯ ಪ್ರೂಫ್‌ಗಳೂ ಅಷ್ಟೆ: "ಇದನ್ನು ಒಡೆಯುವವನು ಅಪವರ್ತನವನ್ನೂ ಮಾಡಿಬಿಡುತ್ತಾನೆ" ಅನ್ನುವ ಧಾಟಿ. ಈ ಒಂದು ವಿದ್ಯೆ ಕೈಗೆ ಹತ್ತಿದವರು ಕ್ರಿಪ್ಟೋ ಪುಸ್ತಕವನ್ನು ತಾವೇ ಓದಿಕೊಳ್ಳುತ್ತಾರೆ.

ಆಟೋಮೇಟಾ ಪೂರ್ತಿ ಬಿಡಬಹುದಾ?

ಬಿಡಿ. ಮೈಹಿಲ್-ನೆರೋಡ್ ಪ್ರಮೇಯವನ್ನು ಮಾತ್ರ ಮೊದಲ ಅಸೈನ್‌ಮೆಂಟ್‌ಗೆ ಹಾಕಿ. ಮೇಲೆ ಹೇಳಿದ "ಕಡಿಮೆ ಸ್ಟೇಟ್ ಸಾಲದು" ಪ್ರಶ್ನೆಗೆ ಅದೇ ಉತ್ತರ. ಪಂಪಿಂಗ್ ಲೆಮ್ಮಾ ಮತ್ತೆ ಹೇಳಿಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕಂಪ್ಯೂಟಬಿಲಿಟಿಗೆ 5 ಲೆಕ್ಚರ್ ಸಾಕಾ? ಎಲ್ಲಿಂದ ಶುರು ಮಾಡಬೇಕು?

ಸಾಕು, ಇತಿಹಾಸದಿಂದ ಶುರು ಮಾಡಿದರೆ. 1928ರಲ್ಲಿ ಹಿಲ್ಬರ್ಟ್ ಮತ್ತು ಅಕರ್‌ಮನ್ ಒಂದು ಪ್ರಶ್ನೆ ಮುಂದಿಟ್ಟರು: ಯಾವುದೇ ತಾರ್ಕಿಕ ಹೇಳಿಕೆ ಕೊಟ್ಟರೂ ಅದು ಸಿಂಧುವೋ ಅಲ್ಲವೋ ಅಂತ ನಿರ್ಧರಿಸುವ ಯಾಂತ್ರಿಕ ವಿಧಾನ ಇದೆಯಾ? 1931ರಲ್ಲಿ ಗಡಲ್ ಅವರ ಅಪೂರ್ಣತೆಯ ಪ್ರಮೇಯ ಬಂತು. 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್ ಬೇರೆ ಬೇರೆ ದಾರಿಯಲ್ಲಿ ಹೋಗಿ, ಅಂಥ ವಿಧಾನ ಇಲ್ಲ ಅಂತ ತೋರಿಸಿದರು. ಗಮನಿಸಿ, ಆಗ ಇವತ್ತಿನ ಅರ್ಥದ ಕಂಪ್ಯೂಟರೇ ಇರಲಿಲ್ಲ. ಯಂತ್ರ ಹುಟ್ಟುವ ಮೊದಲೇ ಅದರ ಮಿತಿ ಗೊತ್ತಾಗಿತ್ತು. ಇದನ್ನು ಕೇಳಿದ ಮೇಲೆ ತರಗತಿಯಲ್ಲಿ ಮೊಬೈಲ್ ನೋಡುವವರು ಸ್ವಲ್ಪ ಕಡಿಮೆಯಾಗುತ್ತಾರೆ.

ಎರಡನೇ ಲೆಕ್ಚರಿಗೆ ಡಯಗನಲೈಸೇಷನ್ (ಪಟ್ಟಿಯಲ್ಲಿರುವ ಪ್ರತಿಯೊಂದಕ್ಕಿಂತ ಬೇರೆಯಾದದ್ದನ್ನು ಕಟ್ಟುವ ಉಪಾಯ), ಮೂರನೆಯದಕ್ಕೆ ರಿಡಕ್ಷನ್, ನಾಲ್ಕನೆಯದಕ್ಕೆ ರೈಸ್ ಪ್ರಮೇಯ. ರೈಸ್ ಪ್ರಮೇಯವನ್ನು ಪ್ರೋಗ್ರಾಮ್ ಬರೆಯುವವರ ಭಾಷೆಯಲ್ಲಿ ಹೇಳಿ. ಒಂದು ಪ್ರೋಗ್ರಾಮ್ ಏನು ಲೆಕ್ಕ ಹಾಕುತ್ತದೆ ಅನ್ನುವುದರ ಬಗ್ಗೆ ನೀವು ಕೇಳಬಹುದಾದ ಯಾವ ಪ್ರಶ್ನೆಗೂ, ಉತ್ತರ ಎಲ್ಲಕ್ಕೂ ಹೌದು ಅಥವಾ ಎಲ್ಲಕ್ಕೂ ಇಲ್ಲ ಅಂತ ಇರದಿದ್ದರೆ, ಸದಾ ಸರಿಯಾಗಿ ಉತ್ತರಿಸುವ ಟೂಲ್ ಬರೆಯಲು ಆಗುವುದಿಲ್ಲ. ಟೆಸ್ಟಿಂಗ್ ಕೆಲಸದಲ್ಲಿ ಇದ್ದು ಓದಲು ಬಂದವರಿಗೆ ಇದು ನೇರವಾಗಿ ನಾಟುತ್ತದೆ.

ಐದನೆಯದು ಬಿಜಿ ಬೀವರ್. ಇದನ್ನು ಬಿಡಬೇಡಿ. 5 ಸ್ಟೇಟ್, 2 ಚಿಹ್ನೆಯ ಟ್ಯೂರಿಂಗ್ ಯಂತ್ರಗಳನ್ನು (ಟೇಪಿನ ಮನೆಗಳಲ್ಲಿ ಚಿಹ್ನೆ ಓದಿ, ಬರೆದು, ಒಂದೊಂದೇ ಮನೆ ಸರಿಯುವ ಕಾಲ್ಪನಿಕ ಯಂತ್ರಗಳು) ಖಾಲಿ ಟೇಪಿನ ಮೇಲೆ ಓಡಿಸಿ. ಕೊನೆಗೆ ನಿಲ್ಲುವಂಥವುಗಳ ಪೈಕಿ ಅತಿ ಹೆಚ್ಚು ಓಡುವುದು 47,176,870 ಹೆಜ್ಜೆ. ಅಷ್ಟು ಓಡುವ ಯಂತ್ರ 1989ರಲ್ಲೇ ಸಿಕ್ಕಿತ್ತು. ಅದಕ್ಕಿಂತ ಜಾಸ್ತಿ ಓಡಿ ನಿಲ್ಲುವ ಯಂತ್ರ ಇನ್ನೊಂದಿಲ್ಲ ಅಂತ ಗಟ್ಟಿಯಾಗಿದ್ದು 2024ರಲ್ಲಿ. ಅಂತರ್ಜಾಲದಲ್ಲಿ ಒಟ್ಟು ಸೇರಿದ ತಂಡವೊಂದು ಅದನ್ನು ಸಾಧಿಸಿತು. ತಂಡದಲ್ಲಿ ಹವ್ಯಾಸಿಗಳೂ ಇದ್ದರು. ಪ್ರೂಫನ್ನು ಕಾಕ್ ಎಂಬ ಪ್ರೂಫ್ ಅಸಿಸ್ಟೆಂಟ್‌ನಲ್ಲಿ ಬರೆದು ಪರೀಕ್ಷಿಸಲಾಗಿದೆ. 4 ಸ್ಟೇಟಿಗೆ ಉತ್ತರ ಬರೀ 107. 6 ಸ್ಟೇಟಿಗೆ ಯಾರಿಗೂ ಗೊತ್ತಿಲ್ಲ. 107, ನಾಲ್ಕೂಮುಕ್ಕಾಲು ಕೋಟಿ, ಆಮೇಲೆ ಕತ್ತಲೆ. ಬೋರ್ಡಿನ ಮೇಲೆ ಈ ಮೂರನ್ನು ಬರೆದು ಎರಡು ನಿಮಿಷ ಸುಮ್ಮನಿರಿ. 5 ಸ್ಟೇಟಿನ ಯಂತ್ರವನ್ನು ಪೈಥಾನ್‌ನಲ್ಲಿ ಓಡಿಸಿ ನೋಡುವುದು ಒಳ್ಳೆಯ ಮನೆಗೆಲಸ. ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತದೆ.

ಕುಕ್-ಲೆವಿನ್ ಪ್ರಮೇಯದ ಪ್ರೂಫ್ ಪೂರ್ತಿ ಮಾಡಲೇಬೇಕಾ?

ಮಾಡಲೇಬೇಕು. ಇಡೀ ಕೋರ್ಸಿನಲ್ಲಿ ಒಂದೇ ಪ್ರೂಫ್ ಪೂರ್ತಿ ಮಾಡುವುದಾದರೆ ಇದನ್ನೇ ಮಾಡಿ. ಸ್ಟೀಫನ್ ಕುಕ್ ಇದನ್ನು 1971ರಲ್ಲಿ ಪ್ರಕಟಿಸಿದರು. ಸೋವಿಯತ್ ಒಕ್ಕೂಟದಲ್ಲಿ ಲಿಯೊನಿಡ್ ಲೆವಿನ್ ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದು 1973ರಲ್ಲಿ ಪ್ರಕಟಿಸಿದರು. ನಡುವೆ 1972ರಲ್ಲಿ ರಿಚರ್ಡ್ ಕಾರ್ಪ್ ಅವರ 21 ಸಮಸ್ಯೆಗಳ ಪೇಪರ್. ಅದು ಬಂದ ಮೇಲೆ ಈ ವಿಚಾರ ಲಾಜಿಕ್ ಓದಿದವರ ಕೈ ದಾಟಿ ಎಲ್ಲರ ಕೈಗೂ ಬಂತು.

ಪ್ರೂಫಿನ ತಿರುಳು ಸರಳ. ಯಂತ್ರದ ಓಟವನ್ನು ಒಂದು ದೊಡ್ಡ ಚೌಕುಳಿ ಕೋಷ್ಟಕವಾಗಿ ಬರೆಯಿರಿ. ಒಂದೊಂದು ಸಾಲು ಒಂದೊಂದು ಕ್ಷಣದ ಟೇಪು. ಯಂತ್ರ ಒಂದು ಹೆಜ್ಜೆಗೆ ಒಂದೇ ಮನೆ ಸರಿಯುತ್ತದೆ. ಹಾಗಾಗಿ ಇಡೀ ಕೋಷ್ಟಕ ಸರಿ ಇದೆಯಾ ಅಂತ ನೋಡಲು 2 ಸಾಲು, 3 ಕಂಬದ ಸಣ್ಣ ಕಿಟಕಿಗಳನ್ನು ಒಂದೊಂದಾಗಿ ನೋಡಿದರೆ ಸಾಕು. ಪ್ರತಿ ಕಿಟಕಿಗೂ ಒಂದು ಸಣ್ಣ ಬೂಲಿಯನ್ ಸೂತ್ರ. ಎಲ್ಲವನ್ನೂ "ಮತ್ತು" ಹಾಕಿ ಜೋಡಿಸಿದರೆ ಸ್ಯಾಟ್ ಸಿದ್ಧ. ಲೆಕ್ಕದ ಓಟ ಅನ್ನುವುದು ಅಕ್ಕಪಕ್ಕದ ಮನೆಗಳನ್ನಷ್ಟೇ ನೋಡಿ ಪರೀಕ್ಷಿಸಬಹುದಾದ ವಸ್ತು ಅನ್ನುವುದು ಇಲ್ಲಿ ಮೊದಲ ಸಲ ಕಣ್ಣಿಗೆ ಕಾಣುತ್ತದೆ.

ಎರಡು ಲೆಕ್ಚರ್ ಕೊಡಿ. ಮೊದಲನೆಯದರಲ್ಲಿ 3 ಹೆಜ್ಜೆಯಲ್ಲಿ ಮುಗಿಯುವ ಪುಟ್ಟ ಯಂತ್ರಕ್ಕೆ ಕೋಷ್ಟಕವನ್ನು ಕೈಯಲ್ಲೇ ತುಂಬಿಸಿ. ಸಾಮಾನ್ಯ ಪ್ರೂಫ್ ಎರಡನೆಯದರಲ್ಲಿ ಬರಲಿ. ಉಲ್ಟಾ ಮಾಡಿದರೆ ಸೂಚ್ಯಂಕಗಳ ಗದ್ದಲದಲ್ಲಿ ತಿರುಳು ಕಳೆದುಹೋಗುತ್ತದೆ.

ರಿಡಕ್ಷನ್‌ನಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ?

ಮೂರು ಕಡೆ. ಮೊದಲನೆಯದು ದಿಕ್ಕು. ಹೊಸ ಸಮಸ್ಯೆ ಕಷ್ಟ ಅಂತ ತೋರಿಸಬೇಕಾದರೆ, ಕಷ್ಟ ಅಂತ ಈಗಾಗಲೇ ಗೊತ್ತಿರುವ ಸಮಸ್ಯೆಯನ್ನು ತಂದು ಹೊಸದಕ್ಕೆ ಪರಿವರ್ತಿಸಬೇಕು. ಮಕ್ಕಳು ಹೊಸದನ್ನು ತೆಗೆದುಕೊಂಡು ಸ್ಯಾಟ್‌ಗೆ ಪರಿವರ್ತಿಸುತ್ತಾರೆ. ಅದರಿಂದ ಗೊತ್ತಾಗುವುದು "ಸ್ಯಾಟ್ ಬಿಡಿಸಲು ಬಂದರೆ ಇದನ್ನೂ ಬಿಡಿಸಬಹುದು" ಅಂತ ಮಾತ್ರ. ಗ್ರಾಫಿನಲ್ಲಿ ದಾರಿ ಹುಡುಕುವುದನ್ನೂ ಸ್ಯಾಟ್‌ಗೆ ಪರಿವರ್ತಿಸಬಹುದು, ಅಷ್ಟಕ್ಕೇ ದಾರಿ ಹುಡುಕುವುದು ಕಷ್ಟ ಆಗಿಬಿಡುತ್ತಾ? ಈ ಪ್ರಶ್ನೆಯನ್ನೇ ಕೇಳಿ. ತಪ್ಪು ತಾನಾಗಿ ಕಾಣುತ್ತದೆ. ಒಂದು ಸಲ ಕಂಡರೂ ಪರೀಕ್ಷೆಯಲ್ಲಿ ಮತ್ತೆ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ.

ಎರಡನೆಯದು, ಒಂದು ಕಡೆ ಮಾತ್ರ ಸಾಧಿಸಿ ಬಿಡುವುದು. 3-ಸ್ಯಾಟ್‌ನಿಂದ ಇಂಡಿಪೆಂಡೆಂಟ್ ಸೆಟ್‌ಗೆ (ಒಂದಕ್ಕೊಂದು ಗೆರೆ ಇಲ್ಲದ ಬಿಂದುಗಳ ಗುಂಪು) ಹೋಗುವ ರಿಡಕ್ಷನ್ ತೆಗೆದುಕೊಳ್ಳಿ. ಪ್ರತಿ ಕ್ಲಾಸ್‌ಗೆ (ತರಗತಿ ಅಲ್ಲ, "ಅಥವಾ" ಹಾಕಿ ಜೋಡಿಸಿದ ಮೂರು ಪದಗಳ ತುಂಡು) ಒಂದು ತ್ರಿಕೋನ, ಒಂದು ಚರಾಕ್ಷರ ಮತ್ತು ಅದರ ನಿಷೇಧದ ನಡುವೆ ಒಂದೊಂದು ಗೆರೆ. ಕ್ಲಾಸ್‌ಗಳು ಎಷ್ಟಿವೆಯೋ ಅಷ್ಟು ದೊಡ್ಡ ಇಂಡಿಪೆಂಡೆಂಟ್ ಸೆಟ್ ಇದೆಯಾ ಅಂತ ಕೇಳುವುದು. ಸೂತ್ರ ನಿಜ ಮಾಡಬಹುದಾದರೆ ಅಂಥ ಸೆಟ್ ಸಿಗುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಸೆಟ್ ಇದ್ದರೆ ಸೂತ್ರವನ್ನು ನಿಜ ಮಾಡುವ ಬೆಲೆಗಳು ಹೇಗೆ ಸಿಗುತ್ತವೆ ಅನ್ನುವುದನ್ನು ಅರ್ಧ ತರಗತಿ ಬಿಟ್ಟುಬಿಡುತ್ತದೆ. ಆ ಗೆರೆಗಳು ಇರುವುದೇ ಎರಡನೇ ಭಾಗಕ್ಕಾಗಿ. "ಈ ಗೆರೆಗಳನ್ನು ತೆಗೆದರೆ ಯಾವ ವಾಕ್ಯ ಮುರಿಯುತ್ತದೆ?" ಅಂತ ಕೇಳಿದರೆ ಓದಿದವರು ಯಾರು, ಬಾಯಿಪಾಠ ಮಾಡಿದವರು ಯಾರು ಗೊತ್ತಾಗುತ್ತದೆ.

ಮೂರನೆಯದು ಇನ್‌ಪುಟ್‌ನ ಉದ್ದ. "ಸಬ್‌ಸೆಟ್ ಸಮ್ ಅನ್ನು ಡೈನಮಿಕ್ ಪ್ರೋಗ್ರಾಮಿಂಗ್‌ನಲ್ಲಿ ಬಿಡಿಸಬಹುದಲ್ಲ ಸಾರ್, ಹಾಗಾದರೆ ಪಿ ಮತ್ತು ಎನ್‌ಪಿ ಒಂದೇ ಆಯ್ತಲ್ಲ?" ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. (ಸಬ್‌ಸೆಟ್ ಸಮ್ ಅಂದರೆ ಕೊಟ್ಟ ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಒಂದು ಮೊತ್ತ ಬರಿಸುವ ಎನ್‌ಪಿ-ಹಾರ್ಡ್ ಸಮಸ್ಯೆ.) ಒಳ್ಳೆಯ ಪ್ರಶ್ನೆ. ಆ ವಿಧಾನದ ಸಮಯ ಮೊತ್ತದ ಬೆಲೆಗೆ ತಕ್ಕಂತೆ ಬೆಳೆಯುತ್ತದೆ, ಮೊತ್ತವನ್ನು ಬರೆಯಲು ಬೇಕಾದ ಅಂಕಿಗಳಿಗೆ ತಕ್ಕಂತೆ ಅಲ್ಲ. 100 ಅಂಕಿಯ ಮೊತ್ತ ಕೊಟ್ಟು ಕೋಷ್ಟಕಕ್ಕೆ ಎಷ್ಟು ಕಂಬ ಬೇಕು ಅಂತ ಲೆಕ್ಕ ಹಾಕಿಸಿ.

ಒಟ್ಟು 9 ಲೆಕ್ಚರ್‌ನಲ್ಲಿ 3 ಈ ಎಡವಟ್ಟುಗಳಿಗೇ ಹೋಗುತ್ತವೆ. ಹೋಗಲಿ.

ಸ್ಯಾಟ್ ಅಷ್ಟು ಕಷ್ಟ ಅಂದರೆ, ಕಂಪನಿಗಳು ದಿನಾ ಹೇಗೆ ಬಿಡಿಸುತ್ತವೆ?

ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಗಳಿಂದ ಬಂದ ವಿದ್ಯಾರ್ಥಿಗಳು ಇದನ್ನು ಖಂಡಿತ ಕೇಳುತ್ತಾರೆ. ಅವರು ವೆರಿಫಿಕೇಷನ್ ಕೆಲಸದಲ್ಲಿ ಸ್ಯಾಟ್ ಸಾಲ್ವರ್ ಬಳಸಿರುತ್ತಾರೆ. ಲಕ್ಷಗಟ್ಟಲೆ ಚರಾಕ್ಷರ ಇರುವ ಸೂತ್ರವೂ ಎಷ್ಟೋ ಸಲ ಬೇಗ ಬಿಡಿಸಿಕೊಳ್ಳುತ್ತದೆ. ಕಷ್ಟ ಅನ್ನುವುದು ಅತಿ ಕೆಟ್ಟ ಇನ್‌ಪುಟ್‌ನ ಬಗ್ಗೆ ಹೇಳಿದ ಮಾತು. ನಿಜವಾದ ಸರ್ಕ್ಯೂಟ್‌ಗಳಿಂದ ಹುಟ್ಟಿದ ಸೂತ್ರಗಳಿಗೆ ಒಂದು ವಿನ್ಯಾಸ ಇರುತ್ತದೆ, ಸಾಲ್ವರ್‌ಗಳು ತಪ್ಪಿನಿಂದ ಕಲಿತ ಹೊಸ ಕ್ಲಾಸ್‌ಗಳನ್ನು ಸೇರಿಸುತ್ತಾ ಅದನ್ನು ಬಳಸಿಕೊಳ್ಳುತ್ತವೆ. ಅದು ಇಷ್ಟು ಚೆನ್ನಾಗಿ ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪೂರ್ತಿ ವಿವರಣೆ ಇವತ್ತಿಗೂ ಇಲ್ಲ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿ.

ಒಂದು ಕಥೆಯೂ ಇದೆ. 2016ರಲ್ಲಿ ಹ್ಯೂಲೆ, ಕುಲ್‌ಮನ್, ಮಾರೆಕ್ ಮೂವರು ಪೈಥಾಗೊರಸ್ ತ್ರಿವಳಿಗಳ (3, 4, 5ರಂತೆ ಎರಡರ ವರ್ಗಗಳ ಮೊತ್ತ ಮೂರನೆಯದರ ವರ್ಗ ಆಗುವ ಸಂಖ್ಯೆಗಳು) ಪ್ರಶ್ನೆಯನ್ನು ಸ್ಯಾಟ್ ಸಾಲ್ವರ್‌ನಿಂದ ಬಿಡಿಸಿದರು. 1ರಿಂದ 7824ರವರೆಗಿನ ಸಂಖ್ಯೆಗಳಿಗೆ ಎರಡು ಬಣ್ಣ ಹಚ್ಚಿ, ಯಾವ ತ್ರಿವಳಿಯೂ ಒಂದೇ ಬಣ್ಣ ಆಗದಂತೆ ನೋಡಿಕೊಳ್ಳಬಹುದು. 7825ಕ್ಕೆ ಆಗುವುದಿಲ್ಲ. ಆಗುವುದಿಲ್ಲ ಅನ್ನುವ ಪ್ರೂಫಿನ ಗಾತ್ರ ಸುಮಾರು 200 ಟೆರಾಬೈಟ್. ಇದನ್ನು ಪ್ರೂಫ್ ಅನ್ನಬೇಕಾ ಅಂತ ತರಗತಿಯಲ್ಲಿ ಜಗಳ ಹಚ್ಚಿ.

ಒಂದು ಲ್ಯಾಬ್ ಅಸೈನ್‌ಮೆಂಟ್ ಇಡಿ: ಸುಡೊಕುವನ್ನು ಸ್ಯಾಟ್‌ಗೆ ಪರಿವರ್ತಿಸಿ ಪೈಸ್ಯಾಟ್ ಲೈಬ್ರರಿಯಿಂದ ಬಿಡಿಸುವುದು. 9×9×9, ಅಂದರೆ 729 ಚರಾಕ್ಷರ. ರಿಡಕ್ಷನ್ ಬರೆದವರಿಗೆ ಅದು ಓಡುವುದನ್ನು ನೋಡುವ ಖುಷಿ ಬೇರೆ.

ಸ್ಪೇಸ್ ಕಾಂಪ್ಲೆಕ್ಸಿಟಿ ಹಳೇ ವಿಷಯ ಅಲ್ವಾ?

ಹಾಗಂತ ನಾವೂ ಅಂದುಕೊಂಡಿದ್ದೆವು. 1970ರ ಸಾವಿಚ್ ಪ್ರಮೇಯ (ಊಹಿಸುವ ಯಂತ್ರದ ಲೆಕ್ಕವನ್ನು ಊಹಿಸದ ಯಂತ್ರ ಅದರ ಜಾಗದ ವರ್ಗದಷ್ಟು ಜಾಗದಲ್ಲಿ ಮಾಡಬಹುದು ಅನ್ನುವುದು), 1980ರ ದಶಕದ ಕೊನೆಯ ಇಮ್ಮರ್‌ಮನ್-ಸೆಲೆಪ್‌ಚೆನಿ, ಮುಗೀತು ಅಂತ. 2025ರಲ್ಲಿ ರಯಾನ್ ವಿಲಿಯಮ್ಸ್ ಒಂದು ಫಲಿತಾಂಶ ಕೊಟ್ಟರು: ಟಿ ಹೆಜ್ಜೆಯಲ್ಲಿ ಮುಗಿಯುವ ಲೆಕ್ಕವನ್ನು ಹೆಚ್ಚುಕಡಿಮೆ ಟಿಯ ವರ್ಗಮೂಲದಷ್ಟು ಜಾಗದಲ್ಲಿ ಮಾಡಬಹುದು (ಒಳಗೆ ಒಂದು ಲಾಗ್ ಇದೆ). ಅದಕ್ಕೂ ಮೊದಲು ಸುಮಾರು 50 ವರ್ಷ ನಾವು ಟಿ ಭಾಗಿಸು ಲಾಗ್ ಟಿ ಹತ್ತಿರವೇ ನಿಂತಿದ್ದೆವು. ಪ್ರೂಫ್ ಮಾಡಬೇಡಿ, ಸಮಯ ಸಾಲದು. ಹೇಳಿಕೆ ಬರೆದು, ಇದು ಮೊನ್ನೆ ಮೊನ್ನೆಯದು ಅಂತ ಹೇಳಿ. ಸಾವಿಚ್ ಪ್ರಮೇಯವನ್ನು ಮಾತ್ರ ಪೂರ್ತಿ ಮಾಡಿ. ಅರ್ಧ ದಾರಿಯ ಬಿಂದುವನ್ನು ಊಹಿಸಿ, ಅದೇ ಜಾಗವನ್ನು ಮತ್ತೆ ಬಳಸುವ ಉಪಾಯ ಎಷ್ಟು ಸಲ ನೋಡಿದರೂ ಚಂದ.

ಪಿ ಮತ್ತು ಎನ್‌ಪಿ ಪ್ರಶ್ನೆ ಯಾಕೆ ಬಿಡಿಸಲು ಆಗಿಲ್ಲ ಅಂತ ಹೇಳಿಕೊಡಬೇಕಾ?

ಒಂದೇ ಲೆಕ್ಚರ್. 1975ರ ಬೇಕರ್, ಗಿಲ್, ಸೊಲೊವೆ ಪೇಪರ್ ಸಾಕು: ಒಂದು ಆರಾಕಲ್ (ಒಂದು ಬಗೆಯ ಪ್ರಶ್ನೆಗೆ ಒಂದೇ ಹೆಜ್ಜೆಯಲ್ಲಿ ಉತ್ತರ ಕೊಡುವ ಕಾಲ್ಪನಿಕ ಸಹಾಯಕ) ಕೊಟ್ಟರೆ ಎರಡೂ ಒಂದೇ ಆಗುತ್ತವೆ, ಇನ್ನೊಂದು ಕೊಟ್ಟರೆ ಬೇರೆ ಆಗುತ್ತವೆ. ಹಾಗಾಗಿ ಬರೀ ಡಯಗನಲೈಸೇಷನ್‌ನಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಇನ್ನೊಂದು ಬಗೆಯ ಪ್ರೂಫ್‌ಗಳೂ ಸಾಲಲಿಕ್ಕಿಲ್ಲ ಅನ್ನುವ ರಜ್ಬೊರೊವ್-ರುಡಿಚ್ ವಿಚಾರವನ್ನು ಸೆಮಿನಾರಿಗೆ ಬಿಡಿ. ಇಷ್ಟು ಹೇಳಿದರೂ ಯಾರಾದರೂ ಒಬ್ಬರು ಪಿ, ಎನ್‌ಪಿ ಬಿಡಿಸಿದ್ದೇನೆ ಅಂತ ಎರಡು ಪುಟ ತಂದು ಕೊಡುತ್ತಾರೆ. ಬೈಯಬೇಡಿ. ತಪ್ಪು ಎಲ್ಲಿದೆ ಅಂತ ಅವರೇ ಹುಡುಕಲಿ, ಅದಕ್ಕೂ ಅಂಕ ಕೊಡಿ.

ರ‍್ಯಾಂಡಮ್ ಅಲ್ಗಾರಿದಮ್‌ಗಳಿಗೆ 6 ಲೆಕ್ಚರ್ ಯಾಕೆ? ಪ್ರಾಬಬಿಲಿಟಿ ಬರದವರು ಏನು ಮಾಡಬೇಕು?

ಇವತ್ತಿನ ಸಂಶೋಧನೆಯಲ್ಲಿ ಪ್ರಾಬಬಿಲಿಟಿ ಇಲ್ಲದೆ ಏನೂ ನಡೆಯುವುದಿಲ್ಲ, ಅದಕ್ಕೆ. ಬೇಕಾದದ್ದು ಜಾಸ್ತಿ ಇಲ್ಲ: ಸರಾಸರಿಗಳ ಕೂಡಿಕೆ, ಯೂನಿಯನ್ ಬೌಂಡ್, ಮಾರ್ಕೊವ್, ಚೆಬಿಶೆವ್, ಚೆರ್ನಾಫ್ ಅಸಮಾನತೆಗಳು. ಇವನ್ನು ಬೇರೆ ಅಧ್ಯಾಯವಾಗಿ ಮಾಡಬೇಡಿ, ಅಲ್ಗಾರಿದಮ್ ಕೇಳಿದಾಗ ಕೊಡಿ.

ಶುರು ಮಾಡಲು ಫ್ರೈವಾಲ್ಡ್ಸ್ ಪರೀಕ್ಷೆಗಿಂತ ಒಳ್ಳೆಯದಿಲ್ಲ. ಎರಡು ಮ್ಯಾಟ್ರಿಕ್ಸ್‌ಗಳ ಗುಣಲಬ್ಧ ಇದು ಅಂತ ಯಾರೋ ಒಂದು ಮ್ಯಾಟ್ರಿಕ್ಸ್ ಕೊಟ್ಟರು. ಗುಣಿಸದೆ ಪರೀಕ್ಷಿಸುವುದು ಹೇಗೆ? 0, 1 ಇರುವ ರ‍್ಯಾಂಡಮ್ ವೆಕ್ಟರ್ ಒಂದನ್ನು ಎರಡೂ ಕಡೆ ಗುಣಿಸಿ ನೋಡಿ. ಉತ್ತರ ತಪ್ಪಿದ್ದರೆ ಒಂದು ಸಲಕ್ಕೆ ಕನಿಷ್ಠ ಅರ್ಧ ಸಂಭವದಲ್ಲಿ ಸಿಕ್ಕಿಬೀಳುತ್ತದೆ. 20 ಸಲ ಮಾಡಿದರೆ ತಪ್ಪಿಸಿಕೊಳ್ಳುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಪ್ರೂಫ್ ನಾಲ್ಕು ಸಾಲು. ಆಮೇಲೆ ಕಾರ್ಗರ್ ಅವರ ಮಿನ್-ಕಟ್ (ಗ್ರಾಫನ್ನು ಎರಡು ತುಂಡು ಮಾಡಲು ಕಡಿಯಬೇಕಾದ ಅತಿ ಕಡಿಮೆ ಗೆರೆಗಳು): ಕಣ್ಣುಮುಚ್ಚಿ ಗೆರೆಗಳನ್ನು ಕುಗ್ಗಿಸುತ್ತಾ ಹೋಗುವುದು. 100 ಬಿಂದುಗಳ ಗ್ರಾಫ್ ಆದರೆ ಒಂದು ಪ್ರಯತ್ನದಲ್ಲಿ ಗೆಲ್ಲುವ ಸಂಭವ ಕನಿಷ್ಠ 4950ರಲ್ಲಿ 1. ಇಷ್ಟು ಸಣ್ಣ ಸಂಭವವನ್ನು ಮತ್ತೆ ಮತ್ತೆ ಪ್ರಯತ್ನಿಸಿ ಹೆಚ್ಚಿಸಬಹುದು ಅನ್ನುವುದನ್ನು ಮಕ್ಕಳು ಮೊದಲು ನಂಬುವುದಿಲ್ಲ. ಕೋಡ್ ಬರೆಸಿ.

ಕೊನೆಯ ಎರಡು ಲೆಕ್ಚರ್ ಅವಿಭಾಜ್ಯ ಸಂಖ್ಯೆಯ ಪರೀಕ್ಷೆಗೆ. ಮೊದಲು ರ‍್ಯಾಂಡಮ್ ಬಳಸುವ ಮಿಲ್ಲರ್-ರಾಬಿನ್ ಪರೀಕ್ಷೆ, ಆಮೇಲೆ 2002ರ ಆಗಸ್ಟ್‌ನ ಫಲಿತಾಂಶ. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಅವರ ಜೊತೆ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದರು. ರ‍್ಯಾಂಡಮ್ ಇಲ್ಲದೆ, ಯಾವ ಊಹೆಯ ಆಸರೆಯೂ ಇಲ್ಲದೆ, ಬಹುಪದೀಯ ಸಮಯದಲ್ಲಿ ಈ ಪರೀಕ್ಷೆ ಸಾಧ್ಯ ಅಂತ ಮೂವರೂ ತೋರಿಸಿದರು. 2006ರಲ್ಲಿ ಗಡಲ್ ಪ್ರಶಸ್ತಿ ಬಂತು. ಪ್ರೂಫಿಗೆ ಬೇಕಾಗುವುದು ಬಿಎಸ್‌ಸಿ ಮಟ್ಟದ ಆಲ್ಜೀಬ್ರಾ. ಮಿಲ್ಲರ್-ರಾಬಿನ್ ಇವತ್ತಿಗೂ ವೇಗವಾಗಿದೆ, ಬಳಕೆಯಲ್ಲಿರುವುದೂ ಅದೇ ಅಂತ ಮರೆಯದೆ ಹೇಳಿ. ಇಲ್ಲದಿದ್ದರೆ "ಹಾಗಾದರೆ ಯಾಕೆ ಬಳಸುವುದಿಲ್ಲ ಸಾರ್" ಅನ್ನುವ ಪ್ರಶ್ನೆ ಕಾದಿರುತ್ತದೆ.

ಪಿಸಿಪಿ ಪ್ರಮೇಯ ಮಾಡಬೇಕಾ?

ಹೇಳಿಕೆ ಮಾತ್ರ: ಪ್ರೂಫನ್ನು ತಕ್ಕ ರೀತಿಯಲ್ಲಿ ಬರೆದರೆ ಅದರ ಕೆಲವೇ ಬಿಟ್‌ಗಳನ್ನು ರ‍್ಯಾಂಡಮ್ ಆಗಿ ನೋಡಿ ಪರೀಕ್ಷಿಸಬಹುದು ಅನ್ನುವುದು. ಅಪ್ರಾಕ್ಸಿಮೇಷನ್ ಕಷ್ಟ ಅಂತ ತೋರಿಸಲು ಇದೇ ಆಸರೆ. ರ‍್ಯಾಂಡಮ್ ಆಗಿ ಬೆಲೆ ಕೊಟ್ಟರೂ 3-ಸ್ಯಾಟ್‌ನ ಎಂಟರಲ್ಲಿ ಏಳು ಭಾಗ ಕ್ಲಾಸ್‌ಗಳು ಸರಾಸರಿಯಲ್ಲಿ ನಿಜವಾಗುತ್ತವೆ. ಅದಕ್ಕಿಂತ ಚೂರು ಜಾಸ್ತಿಯ ಖಾತರಿಯೂ ಸಾಧ್ಯವಿಲ್ಲ, ಪಿ ಮತ್ತು ಎನ್‌ಪಿ ಬೇರೆ ಆಗಿದ್ದರೆ. 1997ರಲ್ಲಿ ಹೋಸ್ಟಾಡ್ ಇದನ್ನು ತೋರಿಸಿದರು. ಬುದ್ಧಿಯೇ ಇಲ್ಲದ ಅಲ್ಗಾರಿದಮ್ಮೇ ಅತ್ಯುತ್ತಮ ಅನ್ನುವ ಈ ಉದಾಹರಣೆ ಕೇಳಿದವರು ಮರೆಯುವುದಿಲ್ಲ.

ಸ್ಟ್ರೀಮಿಂಗ್ ಬುನಾದಿ ಕೋರ್ಸಿನಲ್ಲಿ ಯಾಕೆ?

ರಿಡಕ್ಷನ್ ಎಳೆ ಇಲ್ಲಿಗೂ ಬರುತ್ತದೆ, ಅದೂ ಯಾವ ಊಹೆಯೂ ಇಲ್ಲದೆ. ಗೀತಾ ಹತ್ತಿರ ನೂರು ಬಿಟ್‌ಗಳ ಸಾಲು ಇದೆ. ರಮೇಶನಿಗೆ ಅದರಲ್ಲಿ ಒಂದು ಜಾಗದ ಬಿಟ್ ಬೇಕು, ಯಾವ ಜಾಗ ಅಂತ ಗೀತಾಗೆ ಗೊತ್ತಿಲ್ಲ. ಅವಳು ಒಂದೇ ಸಂದೇಶ ಕಳಿಸಬಹುದು. ನೂರಕ್ಕಿಂತ ಕಡಿಮೆ ಬಿಟ್ ಕಳಿಸಿದರೆ ಎರಡು ಬೇರೆ ಸಾಲುಗಳಿಗೆ ಒಂದೇ ಸಂದೇಶ ಬಂದೇ ಬರುತ್ತದೆ, ರಮೇಶ ಮೋಸಹೋಗುತ್ತಾನೆ. ಈಗ ಒಂದು ಸ್ಟ್ರೀಮ್‌ನಲ್ಲಿ ಬೇರೆ ಬೇರೆ ಅಂಶಗಳು ಎಷ್ಟಿವೆ ಅಂತ ಕರಾರುವಾಕ್ಕಾಗಿ ಎಣಿಸುವ ಅಲ್ಗಾರಿದಮ್ ಇದೆ ಅಂದುಕೊಳ್ಳಿ. ಗೀತಾ 1 ಇರುವ ಜಾಗಗಳನ್ನು ಅದಕ್ಕೆ ಉಣಿಸಿ, ಅದರ ಮೆಮೊರಿಯನ್ನು ರಮೇಶನಿಗೆ ಕಳಿಸುತ್ತಾಳೆ. ರಮೇಶ ಎಣಿಕೆ ನೋಡಿಕೊಂಡು ತನ್ನ ಜಾಗವನ್ನು ಉಣಿಸುತ್ತಾನೆ. ಎಣಿಕೆ ಏರಿದರೆ ಬಿಟ್ 0, ಏರದಿದ್ದರೆ 1. ಹಾಗಾಗಿ ಆ ಮೆಮೊರಿ ನೂರು ಬಿಟ್‌ಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ಇಷ್ಟೇ ಪ್ರೂಫ್. ಹದಿನೈದು ನಿಮಿಷ. ಅಂದಾಜು ಎಣಿಕೆ ಸಾಕಾದರೆ, ರ‍್ಯಾಂಡಮ್ ಬಳಸಲು ಬಿಟ್ಟರೆ, ಬಹಳ ಕಡಿಮೆ ಮೆಮೊರಿಯಲ್ಲಿ ಆಗುತ್ತದೆ ಅನ್ನುವುದು ಮುಂದಿನ ಲೆಕ್ಚರ್. ಅಲೋನ್, ಮಟಿಯಾಸ್, ಸೆಗೆಡಿ ಅವರ 1996ರ ಕೆಲಸ ಅಲ್ಲಿಗೆ ಬರುತ್ತದೆ.

ಲಾಜಿಕ್ ಬಿಟ್ಟದ್ದು ಅನ್ಯಾಯ ಅಲ್ವಾ?

ಸ್ವಲ್ಪ ಅನ್ಯಾಯವೇ. ಚೆನ್ನೈನ ಸಿಎಂಐ (ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್) ಮತ್ತು ಮ್ಯಾಥಮೆಟಿಕಲ್ ಸೈನ್ಸಸ್ ಸಂಸ್ಥೆಯಲ್ಲಿ ಆಟೋಮೇಟಾ, ಲಾಜಿಕ್ ಕೆಲಸದ ಗಟ್ಟಿ ಪರಂಪರೆ ಇದೆ. ನಿಮ್ಮ ವಿಭಾಗದಲ್ಲಿ ವೆರಿಫಿಕೇಷನ್ ಸಂಶೋಧನೆ ಜಾಸ್ತಿ ಇದ್ದರೆ ಸ್ಟ್ರೀಮಿಂಗ್ ತೆಗೆದು ಲಾಜಿಕ್ ಹಾಕಿ. ಎರಡನ್ನೂ ಅರ್ಧರ್ಧ ಮಾಡಬೇಡಿ.

ಅಸೈನ್‌ಮೆಂಟ್ ಎಲ್ಲ ಚಾಟ್‌ಜಿಪಿಟಿಯಿಂದ ಬರುತ್ತದೆ. ಏನು ಮಾಡುವುದು?

ತಡೆಯುವುದು ಕಷ್ಟ. ಅಸೈನ್‌ಮೆಂಟ್‌ನ ತೂಕ ಇಳಿಸಿ, ವೈವಾದ ತೂಕ ಏರಿಸಿ. ನೂರಕ್ಕೆ 15 ಅಸೈನ್‌ಮೆಂಟ್, 25 ವೈವಾ, 20 ಇಂಟರ್ನಲ್ಸ್, 10 ಸೆಮಿನಾರ್, 30 ಫೈನಲ್. ವಿಶ್ವವಿದ್ಯಾಲಯದ ನಿಯಮ ಬೇರೆ ಇದ್ದರೆ ಒಳಗಿನ ಅಂಕಗಳಲ್ಲೇ ಇದೇ ಅನುಪಾತಕ್ಕೆ ಹತ್ತಿರ ಬನ್ನಿ.

ವೈವಾದಲ್ಲಿ ಅವರದೇ ಉತ್ತರ ಪತ್ರಿಕೆ ಮುಂದಿಟ್ಟು ಒಂದು ಷರತ್ತು ಬದಲಿಸಿ: "3-ಸ್ಯಾಟ್ ಬದಲು 2-ಸ್ಯಾಟ್ ಆದರೆ ನಿಮ್ಮ ಪ್ರೂಫ್ ಎಲ್ಲಿ ನಿಲ್ಲುತ್ತದೆ?" ಸ್ವಂತ ಬರೆದವರು ಯೋಚಿಸಿ ಉತ್ತರ ಕೊಡುತ್ತಾರೆ. ಇನ್ನೊಂದು ಬಗೆಯ ಪ್ರಶ್ನೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಯಂತ್ರವೇ ಬರೆದ, ನೋಡಲು ಅಚ್ಚುಕಟ್ಟಾದ, ಒಳಗೆ ಒಂದು ತಪ್ಪು ಇರುವ ಪ್ರೂಫ್ ಕೊಟ್ಟು ತಪ್ಪು ಹುಡುಕಲು ಹೇಳುವುದು. ಮುಂದೆ ಅವರ ಕೆಲಸದಲ್ಲಿ ಬೇಕಾಗುವುದೂ ಇದೇ.

ಬೋರ್ಡಾ, ಸ್ಲೈಡಾ?

ಬೋರ್ಡು. ಚಿತ್ರಗಳಿಗೆ ಮಾತ್ರ ಸ್ಲೈಡ್.

ಕನ್ನಡದಲ್ಲಿ ಪಾಠ ಮಾಡಬಹುದಾ?

ಪರೀಕ್ಷೆ ಇಂಗ್ಲಿಷಿನಲ್ಲಿ, ಪೇಪರ್‌ಗಳೂ ಇಂಗ್ಲಿಷಿನಲ್ಲಿ. ಬೇರೆ ರಾಜ್ಯದ ಮಕ್ಕಳೂ ಇರುತ್ತಾರೆ. ಆದರೆ ಟ್ಯುಟೋರಿಯಲ್‌ನಲ್ಲಿ, ನಿಮ್ಮ ಕೋಣೆಗೆ ಬಂದು ಕೇಳುವಾಗ ಧಾರಾಳವಾಗಿ ಕನ್ನಡ ಬಳಸಿ. ಪ್ರೂಫಿನ ಐಡಿಯಾವನ್ನು ಕನ್ನಡದಲ್ಲಿ ಬಾಯಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳಿಗೆ ಗಣಿತ ಚೆನ್ನಾಗಿ ಬರುತ್ತದೆ, ಬಾಯಿ ಬಿಡಲು ಸಂಕೋಚ ಅಷ್ಟೆ.

ಯಾವ ಪುಸ್ತಕ?

ಮೊದಲ ಅರ್ಧಕ್ಕೆ ಮೈಕೆಲ್ ಸಿಪ್ಸರ್. ಎರಡನೇ ಅರ್ಧಕ್ಕೆ ಅರೋರಾ ಮತ್ತು ಬರಾಕ್, ಅದರ ಕರಡು ಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸಿಪ್ಸರ್ ಅವರ 2020ರ ಎಂಐಟಿ ಲೆಕ್ಚರ್ ವಿಡಿಯೊಗಳು ಉಚಿತ, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲೂ ನಮ್ಮ ಐಐಟಿ ಮೇಷ್ಟ್ರುಗಳ ಪಾಠಗಳಿವೆ.

ಸೆಮಿನಾರಿಗೆ ಯಾವ ಪೇಪರ್ ಕೊಡಬೇಕು?

ಇಬ್ಬಿಬ್ಬರ ಜೋಡಿ, 15 ನಿಮಿಷ. ಚಿಕ್ಕ ಪ್ರೂಫ್ ಇರುವ ಪೇಪರ್ ಆರಿಸಿ. 2019ರಲ್ಲಿ ಹಾವ್ ಹುವಾಂಗ್ ಸೆನ್ಸಿಟಿವಿಟಿ ಊಹೆಯನ್ನು (ಬೂಲಿಯನ್ ಫಂಕ್ಷನ್‌ಗಳ ಬಗ್ಗೆ ಇದ್ದ ಒಂದು ಊಹೆ) ಸಾಧಿಸಿದ ಪೇಪರ್ ಇದಕ್ಕೆ ಹೇಳಿ ಮಾಡಿಸಿದ್ದು. ಸುಮಾರು 30 ವರ್ಷ ಹಳೆಯ ಪ್ರಶ್ನೆ, ಪ್ರೂಫಿನ ಮುಖ್ಯ ಭಾಗ ಎರಡು ಪುಟ, ಬೇಕಾದದ್ದು ಐಗನ್‌ವ್ಯಾಲ್ಯೂ ಮಾತ್ರ. ಗ್ರಾಫ್ 3 ಬಣ್ಣದ ಝೀರೊ-ನಾಲೆಜ್ ಪ್ರೂಫ್ (ಉತ್ತರ ಬಿಟ್ಟುಕೊಡದೆ ಉತ್ತರ ಗೊತ್ತು ಅಂತ ನಂಬಿಸುವುದು) ಇನ್ನೊಂದು. ಲಾಡ್ನರ್ ಅವರ 1975ರ ಪ್ರಮೇಯ (ಪಿ ಮತ್ತು ಎನ್‌ಪಿ ಬೇರೆ ಆದರೆ ನಡುವಿನ ಮಟ್ಟದ ಸಮಸ್ಯೆಗಳೂ ಇವೆ ಅನ್ನುವುದು) ಧೈರ್ಯ ಇರುವ ಜೋಡಿಗೆ. ಬೆಂಗಳೂರಿನಲ್ಲಿ ಇದ್ದರೆ ಐಐಎಸ್‌ಸಿಯ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್) ವಿಭಾಗದಿಂದಲೋ ಮೈಕ್ರೊಸಾಫ್ಟ್ ರಿಸರ್ಚ್‌ನಿಂದಲೋ ಯಾರನ್ನಾದರೂ ಒಂದು ಅತಿಥಿ ಉಪನ್ಯಾಸಕ್ಕೆ ಕೇಳಿ ನೋಡಿ. ಡಿಸೆಂಬರ್‌ನಲ್ಲಿ ಎಫ್‌ಎಸ್‌ಟಿಟಿಸಿಎಸ್ ಎಂಬ ಥಿಯರಿ ಸಮ್ಮೇಳನ ಇರುತ್ತದೆ, ಹತ್ತಿರದಲ್ಲಿ ನಡೆದರೆ ಮಕ್ಕಳನ್ನು ಕರೆದೊಯ್ಯಿರಿ.

ಬೋರ್ಡ್ ಆಫ್ ಸ್ಟಡೀಸ್‌ಗೆ ಸಿಲಬಸ್ ಹೇಗೆ ಬರೆದುಕೊಡಬೇಕು?

ಸ್ವಾಯತ್ತ ಕಾಲೇಜಾದರೆ ನಿಮಗೆ ಅವಕಾಶ ಇದೆ. 5 ಮಾಡ್ಯೂಲ್ ಕೇಳುತ್ತಾರೆ. ಮೊದಲ ನಾಲ್ಕನ್ನು ಖಚಿತವಾಗಿ ಬರೆಯಿರಿ. ಐದನೆಯದಕ್ಕೆ "ಆಯ್ದ ವಿಷಯಗಳು: ಅಪ್ರಾಕ್ಸಿಮೇಷನ್, ಸ್ಟ್ರೀಮಿಂಗ್, ಲಾಜಿಕ್, ಕ್ರಿಪ್ಟೋಗ್ರಫಿ, ಇವುಗಳಲ್ಲಿ ಎರಡು" ಅಂತ ಹಾಕಿ. ಮುಂದಿನ ವರ್ಷ ಬೇರೆ ಮೇಷ್ಟ್ರು ಬಂದರೂ ತಿದ್ದುಪಡಿಗೆ ಮತ್ತೆ ಸಭೆ ಕಾಯಬೇಕಾಗಿಲ್ಲ. ಸಂಯೋಜಿತ ಕಾಲೇಜಾದರೆ ಸಿಲಬಸ್ ಮೇಲಿನಿಂದಲೇ ಬರುತ್ತದೆ. ಆಗ ಪಟ್ಟಿಯಲ್ಲಿರುವ ಎಲ್ಲವನ್ನೂ ಹೇಳಿ, ಆದರೆ ಯಾವ 6 ಪ್ರೂಫ್‌ಗಳನ್ನು ಪೂರ್ತಿ ಮಾಡುತ್ತೀರಿ ಅಂತ ಮೊದಲ ದಿನವೇ ಮಕ್ಕಳಿಗೆ ಬರೆದುಕೊಡಿ. ಉಳಿದವಕ್ಕೆ ಹೇಳಿಕೆ ಮತ್ತು ಒಂದು ಉದಾಹರಣೆ ಸಾಕು.